ಸುನಿಲ್‌ಕುಮಾರನ ಇವತ್ತಿನ ದನಿ

ನಮ್ಮ ಮನೆಯಲ್ಲಿ ಕೂಗಲು ಬರುವುದು ಒಬ್ಬನಿಗೇ, ನನ್ನ ಮೊಮ್ಮಗ ಸುನಿಲ್‌ಕುಮಾರನಿಗೆ. ಅವನ ಅಪ್ಪ, ಅಂದರೆ ನನ್ನ ಮಗ ರಾಜಶೇಖರ, ಎಷ್ಟು ದೊಡ್ಡದಾಗಿ ಬಾಯಿ ತೆರೆದರೂ ದನಿ ಅಂಗಳ ದಾಟುವುದಿಲ್ಲ. ಬೆಕ್ಕು ಕೂಡ ತಿರುಗಿ ನೋಡುವುದಿಲ್ಲ.

ಕೂಗು ಅಂದರೆ ಜಗಳದ ಕೂಗಲ್ಲ. ವನಗೂರು ಕಡೆಯ ನಮ್ಮ ತೋಟ ಕಡಿದಾದ ಇಳಿಜಾರು. ತಳದಲ್ಲಿ ಹಳ್ಳ, ಮೇಲೆ ಮನೆ, ನಡುವೆ ಕಾಫಿ. ಫೆಬ್ರವರಿಯಲ್ಲಿ ಕಾಫಿ ಹೂ ಬಿಡಲಿ ಅಂತ ನೀರು ಹಾರಿಸುತ್ತೇವಲ್ಲ, ಆಗ ಇಂಜಿನ್ ಹಳ್ಳದ ಪಕ್ಕ ಇರುತ್ತದೆ, ನೀರು ಚಿಮ್ಮುವ ಜೆಟ್ ಗುಡ್ಡದ ಮೇಲೆ ಇರುತ್ತದೆ. ಜೆಟ್ ಜಾಗ ಬದಲಾಯಿಸಬೇಕಾದರೆ ಇಂಜಿನ್ ನಿಲ್ಲಬೇಕು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಹಳ್ಳದಲ್ಲಿ ಸಿಗ್ನಲ್ ಇಲ್ಲ. ಅದಕ್ಕೇ ಮೇಲಿನವರು "ಕೂ" ಅಂತ ಕೂಗಬೇಕು. ಉದ್ದಕ್ಕೆ ಒಂದು ಕೂಗು ಹಾಕಿದರೆ ನಿಲ್ಲಿಸು ಅಂತ. ಚಿಕ್ಕದಾಗಿ ಎರಡು ಹಾಕಿದರೆ ಶುರು ಮಾಡು ಅಂತ.

ಹೈಸ್ಕೂಲಿನಲ್ಲಿದ್ದಾಗಿನಿಂದ ಆ ಕೆಲಸ ಸುನಿಲನದು. ಹೋದ ಫೆಬ್ರವರಿಯಲ್ಲಿ ಆ ಕೂಗು ಕೈಕೊಟ್ಟಿತು. ಕೂಗಿನ ಹಿಂದೆ ಹುಡುಗನೂ ಗುಡ್ಡ ಬಿಟ್ಟು ಹಾಸನಕ್ಕೆ ಹೋಗಿಬಿಡುತ್ತಾನೆ ಅಂತ ನಾನು ಹೆದರಿ ಕೂತಿದ್ದೆ. ಅದನ್ನೇ ಹೇಳುವುದಕ್ಕೆ ಹೊರಟಿದ್ದೇನೆ. ಬರೆದುಕೊಳ್ಳುತ್ತಿರುವವಳು ಅವನ ತಂಗಿ ರಶ್ಮಿತಾ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳಜ್ಜಿ, ಆದ್ರೆ ಮೊಡವೆ ವಿಷ್ಯ ಬ್ಯಾಡ" ಅಂದಿದ್ದಾನೆ. ಮೊಡವೆ ವಿಷಯ ಆಮೇಲೆ ಬರುತ್ತದೆ.

ಸುನಿಲ ಹುಟ್ಟಿದಾಗ ಹೆಣ್ಣು ಅಂತ ಹೇಳಿದರು, ಹೆಣ್ಣಿನ ಹೆಸರಿಟ್ಟೆವು. ಆ ಹೆಸರು ಇಲ್ಲಿ ಬೇಡ. ಅವನಿಗೆ ಇಷ್ಟವಿಲ್ಲ, ನನಗೂ ಈಗ ನಾಲಿಗೆ ತಿರುಗುವುದಿಲ್ಲ. ತಾನು ಹೆಣ್ಣಲ್ಲ ಅಂತ ಅವನು ಮೊದಲು ಹೇಳಿದ್ದು ನನ್ನ ಹತ್ತಿರ. ಇಬ್ಬರೂ ಕಣದಲ್ಲಿ ಕೂತು ಕಾಳುಮೆಣಸು ಹಸನು ಮಾಡುತ್ತಿದ್ದೆವು. ತಲೆ ಎತ್ತದೆ ಹೇಳಿದ.

"ನಾನು ಗಂಡು ಕಣಜ್ಜಿ. ಒಳಗಡೆ ಮೊದ್ಲಿಂದ್ಲೂ ಹಂಗೇ."

ನಾನು ಒಂದು ಮೊರ ಮೆಣಸು ಮುಗಿಸಿದೆ. ಆಮೇಲೆ ಕೇಳಿದೆ. "ಹೆಸ್ರು ಏನಂತ ಇಟ್ಕೊಂಡಿದೀಯ?"

"ಸುನಿಲ್‌ಕುಮಾರ್."

"ಬರೀ ಸುನಿಲ ಸಾಲ್ದಾ?"

"ಸಾಲ್ದು. ಇಷ್ಟು ವರ್ಷ ಕಾದು ಅರ್ಧ ಹೆಸ್ರು ಯಾಕೆ ತಗೊಳ್ಲಿ? ಕುಮಾರ ಇರ್ಲೇಬೇಕು."

ಎಲ್ಲ ಅರ್ಥವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಆ ಮಗು ಅಷ್ಟು ಹಗುರಾಗಿ ಉಸಿರು ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನೆಯವರಿಗೂ ಹೇಳಿದ. ಅವನ ಅಮ್ಮ ಶಿವಲೀಲಾ ಎರಡು ದಿನ ಅತ್ತಳು. ಮೂರನೆಯ ದಿನ ಅವನ ಚೂಡಿದಾರಗಳನ್ನೆಲ್ಲ ಮಡಿಸಿ ರಶ್ಮಿತಾಳ ಬೀರುವಿಗೆ ಸೇರಿಸಿದಳು. ರಾಜಶೇಖರ ಮಾತಾಡಲಿಲ್ಲ. ಅವನು ಮಾತಾಡದೆ ಇದ್ದರೆ ಕೋಪವೋ ಒಪ್ಪಿಗೆಯೋ ಅಂತ ಹೆತ್ತ ನನಗೇ ತಿಳಿಯುವುದಿಲ್ಲ. ಮಂಗಳೂರಿನ ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಬೆಳಿಗ್ಗೆಯೇ ಜೀಪು ತೆಗೆದು ಹಾರ್ನ್ ಹೊಡೆದ. ಮಾರನಹಳ್ಳಿವರೆಗೂ ಬಿಟ್ಟು ನಮ್ಮನ್ನು ಬಸ್ಸು ಹತ್ತಿಸಿದ. ಸರಿ, ಒಪ್ಪಿಗೆ ಅಂದುಕೊಂಡೆ.

ಶಿರಾಡಿ ಘಾಟಿ ಇಳಿಯುವಾಗ ನನಗೆ ಹೊಟ್ಟೆ ತೊಳಸುತ್ತದೆ, ಅದಕ್ಕೆ ನಿಂಬೆಹಣ್ಣು ಮೂಸುತ್ತಾ ಕೂತಿದ್ದೆ. ಕಂಡಕ್ಟರ್ ಬಂದು, "ಆಸ್ಪತ್ರೆಗಾ ಅಜ್ಜಿ? ಏನಾಗೈತೆ ನಿಮ್ಗೆ?" ಅಂದ.

"ನಂಗೇನೂ ಆಗಿಲ್ಲ ಕಣಪ್ಪ. ನನ್ ಮೊಮ್ಮಗನ್ನ ತೋರ್ಸಕ್ಕೆ ಹೋಯ್ತಿದೀನಿ" ಅಂದೆ.

ಹೊರಗಿನವರ ಮುಂದೆ ನಾನು ಮೊಮ್ಮಗ ಅಂದಿದ್ದು ಅದೇ ಮೊದಲು. ಸುನಿಲ ಕಿಟಕಿ ಕಡೆ ತಿರುಗಿಬಿಟ್ಟ. ಕಿವಿ ಮಾತ್ರ ನನಗೆ ಕಾಣುತ್ತಿತ್ತು, ಕೆಂಪಗಾಗಿತ್ತು.

ಔಷಧಿ ಒಂದೇ ಸಲಕ್ಕೆ ಕೊಡುವುದಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹಲವು ಸಲ ಮಾತಾಡಬೇಕು, ರಕ್ತ ಪರೀಕ್ಷೆ ಆಗಬೇಕು. ಎಷ್ಟೋ ಸಲ ಘಾಟಿ ಇಳಿದೆವು, ಎಷ್ಟೋ ನಿಂಬೆಹಣ್ಣು ಖರ್ಚಾಯಿತು. ಕೊನೆಗೆ ಔಷಧಿ ಬರೆದುಕೊಟ್ಟ ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದು ಕೂರಿಸಿಕೊಂಡರು. "ಅಜ್ಜಿ, ಹದಿಮೂರು ಹದಿನಾಲ್ಕರ ಹುಡುಗರಿಗೆ ಆಗುವುದೆಲ್ಲ ಇವರಿಗೆ ಈಗ ಆಗುತ್ತದೆ. ದನಿ ಒಡೆಯುತ್ತದೆ, ಹಸಿವು ಜೋರಾಗುತ್ತದೆ, ಮೀಸೆ ನಿಧಾನಕ್ಕೆ ಬರುತ್ತದೆ. ಹೆದರಬೇಡಿ."

"ಒಬ್ಬನ್ನ ಸಾಕಿ ದೊಡ್ಡೋನು ಮಾಡಿದೀನಿ ತಾಯಿ, ಆ ಗೋಳೆಲ್ಲ ಗೊತ್ತೈತೆ" ಅಂದೆ.

ಸುನಿಲ ಮೆಲ್ಲಗೆ ಕೇಳಿದ. "ಮೇಡಂ, ಎರಡು ಇಂಜೆಕ್ಷನ್ ಒಟ್ಟಿಗೆ ಹಾಕುಸ್ಕೊಂಡ್ರೆ ಮೀಸೆ ಬೇಗ ಬರುತ್ತಾ?"

"ಮೀಸೆ ಬರುವುದಿಲ್ಲ, ರಕ್ತ ದಪ್ಪ ಆಗುತ್ತದೆ. ಮೂರು ವಾರಕ್ಕೊಂದು, ಆಗಾಗ ರಕ್ತ ಪರೀಕ್ಷೆ, ಅಷ್ಟೇ. ಅವಸರ ಮಾಡಿದರೆ ನಾನು ನಿಮ್ಮ ಅಜ್ಜಿಗೆ ಫೋನ್ ಮಾಡುತ್ತೇನೆ" ಅಂದರು. ಒಳ್ಳೆ ಹೆಂಗಸು.

ಮೊದಲನೆಯ ಇಂಜೆಕ್ಷನ್ ಹಾಕಿದ್ದು ಸಕಲೇಶಪುರದ ಒಂದು ಕ್ಲಿನಿಕ್ಕಿನಲ್ಲಿ, ದಸರೆ ಕಳೆದ ಮೇಲೆ. ಅಲ್ಲಿನ ನರ್ಸು ನಾಜಿಮಾ ನಮಗೆ ಗೊತ್ತಿರುವ ಹುಡುಗಿ. ಪ್ರತಿ ವರ್ಷ ನಮ್ಮ ತೋಟಕ್ಕೆ ನೀರಿನ ಇಂಜಿನ್ ತರುವ ಅಸಾದುಲ್ಲಾನ ಸೊಸೆ. ಅವಳನ್ನು ಕಂಡ ಕೂಡಲೇ ಸುನಿಲ ಬಾಗಿಲಲ್ಲೇ ನಿಂತ. ಅವಳು ಚೀಟಿ ನೋಡಿದಳು, ಅವನನ್ನು ನೋಡಿದಳು. "ಸುನಿಲ್‌ಕುಮಾರ್, ಬನ್ನಿ ಒಳಗೆ. ಇಲ್ಲಿನ್ ವಿಷ್ಯ ನಾನು ಮನೆಗೆ ತಗೊಂಡೋಗಲ್ಲ" ಅಂದಳು.

ಅದು ಎಣ್ಣೆಯಲ್ಲಿ ಕಲಸಿದ ಔಷಧಿ. ನಮ್ಮ ಕಡೆ ಚಳಿಗೆ ಮಂದವಾಗಿತ್ತು. "ಸುಮ್ನೆ ಕೂತಿದೀರಲ್ಲ ಅಜ್ಜಿ, ಇದನ್ನ ಸ್ವಲ್ಪ ಹೊತ್ತು ಅಂಗೈಲಿ ಹಿಡ್ಕೊಳ್ಳಿ. ಬೆಚ್ಚಗಾದ್ರೆ ಸಲೀಸಾಗಿ ಇಳಿಯುತ್ತೆ" ಅಂತ ಆ ಪುಟ್ಟ ಗಾಜಿನ ಶೀಶೆ ನನ್ನ ಕೈಗಿಟ್ಟಳು. ಕಿರುಬೆರಳಿನಷ್ಟೂ ಇಲ್ಲ. ಅಷ್ಟರೊಳಗೆ ಮೀಸೆ, ದನಿ, ಹಸಿವು ಎಲ್ಲವನ್ನೂ ಹೇಗೆ ತುಂಬಿದರೋ. ನಾನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಕೂತೆ, ಕೋಳಿ ಮೊಟ್ಟೆಗೆ ಕಾವು ಕೊಡುವ ಹಾಗೆ. ಅವತ್ತಿನಿಂದ ಅದು ನನ್ನ ಕೆಲಸ. ಬೇರೆಯವರು ಮುಟ್ಟುವ ಹಾಗಿಲ್ಲ.

ಹಾಕಿಸಿಕೊಂಡು ಕುಂಟುತ್ತಾ ಹೊರಗೆ ಬಂದ.

"ನೋವಾಯ್ತೇನೋ?"

"ಚೆನ್ನಾಗಿ ನೋವಾಯ್ತಜ್ಜಿ" ಅಂದ, ಮದುವೆ ಊಟ ಚೆನ್ನಾಗಿತ್ತು ಅನ್ನುವವರ ಹಾಗೆ. ಬರುವಾಗ ದಾರಿಯುದ್ದಕ್ಕೂ ಜೀಪಿನ ಕನ್ನಡಿಗೆ ಮೂತಿ ಒಡ್ಡಿಕೊಂಡಿದ್ದ. ಏನು ಹುಡುಕುತ್ತೀಯೋ ಅಂದರೆ, ಮೀಸೆ ಬಂತಾ ನೋಡ್ತಿದೀನಿ ಅಂದ. ಜೀಪು ಓಡಿಸುತ್ತಿದ್ದ ರಾಜಶೇಖರ ಕನ್ನಡಿಯನ್ನು ಒಂದಿಷ್ಟು ಅವನ ಕಡೆ ತಿರುಗಿಸಿದ. ನಾನು ನೋಡಿದೆ.

ಮೀಸೆಗಿಂತ ಮೊದಲು ಬಂದದ್ದು ಹಸಿವು. ದೇವರೇ, ಅದೆಂಥ ಹಸಿವು. ಎರಡು ಅಕ್ಕಿರೊಟ್ಟಿಗೆ ಸಾಕು ಅನ್ನುತ್ತಿದ್ದವನು ಐದು ತಿಂದು ರೊಟ್ಟಿಕಲ್ಲಿನ ಮೇಲೆ ಬೇಯುತ್ತಿರುವುದನ್ನು ನೋಡುತ್ತಾ ಕೂರುತ್ತಿದ್ದ. ಬೆಳಿಗ್ಗೆಯ ಕಡುಬು ಮಧ್ಯಾಹ್ನಕ್ಕೆ ಉಳಿಯುವುದು ನಿಂತುಹೋಯಿತು. ಶಿವಲೀಲಾ ಹಿಟ್ಟು ಕಲಸುವ ಪಾತ್ರೆಯನ್ನೇ ದೊಡ್ಡದಕ್ಕೆ ಬದಲಾಯಿಸಿದಳು. "ಹೊಟ್ಟೆನೋ ಕಾಫಿ ಹಣ್ಣು ನುಂಗೋ ಪಲ್ಪರ್ ಮಿಷನ್ನೋ" ಅಂತ ಬೈಯುತ್ತಲೇ ರೊಟ್ಟಿ ಮೇಲೆ ಬೆಣ್ಣೆ ಹಾಕುತ್ತಿದ್ದಳು. ಎಷ್ಟೋ ವರ್ಷ ಆ ಮಗು ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸಿ ಎದ್ದು ಹೋಗುತ್ತಿತ್ತು. ಅದನ್ನು ಕಂಡ ಮನೆ ಇದು. ಅವನು ತಿನ್ನುವುದನ್ನು ನೋಡುವುದೇ ನಮಗೆ ಒಂದು ಕೆಲಸವಾಯಿತು.

ಆಮೇಲೆ ಬೆವರಿನ ವಾಸನೆ. ರಾಜಶೇಖರನ ಬನಿಯನ್ನೂ ಅವನ ಬನಿಯನ್ನೂ ಒಟ್ಟಿಗೆ ನೆನೆಹಾಕಿದರೆ ಯಾವುದು ಯಾರದು ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮೊಡವೆ. ಹೇಳಬೇಡ ಅಂದಿದ್ದಾನೆ, ಅದಕ್ಕೇ ಜಾಸ್ತಿ ಹೇಳುವುದಿಲ್ಲ. ಹಣೆ ತುಂಬ ಇತ್ತು. ನಾನು ಅರಿಶಿನ ಅರೆದು ಹಚ್ಚಿದೆ, ಎರಡು ದಿನ ಹಳದಿ ಮುಖ ಹೊತ್ತುಕೊಂಡು ತಿರುಗಿದ, ರಶ್ಮಿತಾ ಮದುವೆ ಗಂಡು ಅಂತ ರೇಗಿಸಿದಳು. ಡಾಕ್ಟರಮ್ಮ ಫೋನಿನಲ್ಲಿ ಬರೀ ಸೋಪು ನೀರು ಸಾಕು ಅಂದರು. ಸರಿ, ಬಿಟ್ಟೆ.

ಸಂಕ್ರಾಂತಿ ಹೊತ್ತಿಗೆ ಅವನಿಗೆ ತಿಂಗಳದ್ದು ನಿಂತಿತು. ನನ್ನ ಕಿವಿಯಲ್ಲಿ ಬಂದು ಹೇಳಿದ. ಮೊದಲನೆಯ ಸಲ ಅದು ಬಂದಾಗ ನಮ್ಮ ಪದ್ಧತಿಯ ಹಾಗೆ ಅವನನ್ನು ಹಸೆ ಮೇಲೆ ಕೂರಿಸಿ, ಸೀರೆ ಉಡಿಸಿ, ಆರತಿ ಎತ್ತಿ, ಊರಿಗೆಲ್ಲ ಸಿಹಿ ಹಂಚಿದ್ದೆವು. ಹಸೆ ಮೇಲೆ ಕೂತ ಮಗು ಕಲ್ಲಿನ ಹಾಗಿತ್ತು. ನಾಚಿಕೆ ಅಂದುಕೊಂಡು ಹೆಂಗಸರೆಲ್ಲ ನಕ್ಕಿದ್ದರು. ಬಂದದ್ದಕ್ಕೆ ಸಿಹಿ ಮಾಡಿದ ಮೇಲೆ ಹೋದದ್ದಕ್ಕೂ ಮಾಡಬೇಕಲ್ಲ. ನಾನೇ ಒಲೆ ಮುಂದೆ ನಿಂತು ಶಾವಿಗೆ ಪಾಯಸ ಮಾಡಿದೆ. ರಾಜಶೇಖರ ಎರಡು ಲೋಟ ಕುಡಿದು, "ಏನವ್ವ, ಇವತ್ತು ಯಾವ ಹಬ್ಬ?" ಅಂದ.

"ಸುಮ್ನೆ ಕುಡಿಯೋ" ಅಂದೆ. ಸುನಿಲನಿಗೆ ನಕ್ಕು ನಕ್ಕು ಪಾಯಸ ಮೂಗಿಗೆ ಹತ್ತಿತು.

ಆಮೇಲೇ ದನಿ ಒಡೆದದ್ದು. "ಅಮ್ಮಾ ಕಾಫಿ" ಅಂದರೆ ಅಮ್ಮಾ ಅನ್ನುವುದು ಅಟ್ಟದ ಮೇಲಿಂದ ಬರುತ್ತಿತ್ತು, ಕಾಫಿ ಅನ್ನುವುದು ಬಾವಿಯೊಳಗಿಂದ. ನಡುವೆ ಒಂದು ಕೀರಲು. ಅವನಿಗೆ ಅದೇ ಖುಷಿ. ಮೊಬೈಲಿನಲ್ಲಿ ತನ್ನ ದನಿ ಹಿಡಿದಿಟ್ಟುಕೊಂಡು, ಹೋದ ವಾರದ್ದು ಕೇಳು, ಈ ವಾರದ್ದು ಕೇಳು ಅಂತ ತಂಗಿಯ ಹಿಂದೆ ಸುತ್ತುತ್ತಿದ್ದ. ಒಂದು ಸಂಜೆ ಕೊಟ್ಟಿಗೆಯ ಹಿಂದೆ ನಿಂತು ಕೂಗಿ ನೋಡಿದ. ಮೊದಲೆಲ್ಲ ಅವನ ಕೂಗು ಸೀಟಿ ಹೊಡೆದ ಹಾಗೆ ತೆಳ್ಳಗೆ ಹೊರಟು, ಕೊನೆಯಲ್ಲಿ ಕೊಕ್ಕೆಯ ಹಾಗೆ ಸರಕ್ಕನೆ ಮೇಲಕ್ಕೆ ಬಾಗುತ್ತಿತ್ತು. ಈಗ ಅರ್ಧಕ್ಕೇ ಸೀಳಿ ಹೋಯಿತು. ಜಗಲಿಯಲ್ಲಿದ್ದ ರಾಜಶೇಖರ ಕೇಳಿಸಿಕೊಂಡ.

ಮಾರನೆ ದಿನ ತಿಂಡಿ ಹೊತ್ತಿಗೆ ಬಾಯಿ ಬಿಟ್ಟ. "ನಾಳಿದ್ದು ಅಸಾದುಲ್ಲಾ ಇಂಜಿನ್ ತತ್ತಾನೆ. ಈ ಸಲ ಜೆಟ್ ಹತ್ರ ಆಳು ನಿಲ್ಲುಸ್ತೀನಿ."

ಸುನಿಲ ರೊಟ್ಟಿ ಕೆಳಗಿಟ್ಟ. "ಯಾಕಪ್ಪ?"

"ನಿನ್ ಕೂಗು ಒಡೆದೈತೆ. ಅವ್ನಿಗೆ ಗುರ್ತು ಹತ್ತದಿಲ್ಲ."

"ಹೊಸದು ಗುರ್ತು ಮಾಡ್ಕೊಂತಾನೆ."

"ಮಾಡ್ಕೊಬೇಕು ಅಂದ್ರೆ ಯಾಕೆ ಬದ್ಲಾಯ್ತು ಅಂತ ಹೇಳ್ಬೇಕಾಯ್ತದೆ."

ಅಲ್ಲಿತ್ತು ವಿಷಯ. ಮನೆಯೊಳಗೆ ಸುನಿಲ, ಜೀಪಿನೊಳಗೆ ಸುನಿಲ. ಬೇಲಿ ದಾಟಿದ ಮೇಲೆ ಏನು ಹೇಳಬೇಕು ಅಂತ ರಾಜಶೇಖರನಿಗೆ ತಿಳಿದಿರಲಿಲ್ಲ.

ಸುನಿಲ ಜೋರು ಮಾಡಲಿಲ್ಲ. "ಈ ವರ್ಷ ನಾನು ಅಲ್ಲಿ ನಿಲ್ದಿದ್ರೆ ಮುಂದಿನ್ ವರ್ಷನೂ ನಿಲ್ಲಲ್ಲ ಅಪ್ಪ. ಕಾಫಿ ಬಿಡ್ಸಕ್ಕೆ ಹೋದ್ರೆ ಅಲ್ಲೂ ಯಾರಾದ್ರೂ ಕೇಳ್ತಾರೆ ಅಂತೀಯ, ಅಂಗ್ಡಿಗೆ ಹೋದ್ರೆ ಅಲ್ಲೂ ಅಂತೀಯ. ಹಾಸನದಲ್ಲಿ ಗೆಳೆಯ ಮೊಬೈಲ್ ಅಂಗ್ಡಿಗೆ ಕರೀತಾವ್ನೆ. ಹೋಗ್ಬುಡ್ತೀನಿ. ಅಲ್ಲಿ ನನ್ನ ಹಳೆ ದನಿ ಕೇಳಿದೋರು ಯಾರೂ ಇಲ್ಲ."

ಹೋಗುವ ಮನಸ್ಸು ಅವನಿಗೆ ಚೂರೂ ಇರಲಿಲ್ಲ. ಈ ಇಳಿಜಾರಿನಲ್ಲಿ ಯಾವ ಗಿಡ ಯಾವ ವರ್ಷ ನೆಟ್ಟದ್ದು ಅಂತ ಹೇಳುವವನು ಅವನು. ರೊಟ್ಟಿ ಹಾಗೇ ಆರುತ್ತಿತ್ತು. ಅದನ್ನು ನೋಡಲಾರದೆ ನಾನು ಬಾಯಿ ಹಾಕಿದೆ.

"ಒಂದಿನ ಕೂಗ್ಲಿ ಬಿಡೋ ರಾಜ. ಆಗ್ದಿದ್ರೆ ಆಳು ನಿಲ್ಲುಸು."

"ಒಂದೇ ದಿನ" ಅಂದ ರಾಜಶೇಖರ.

"ಅಜ್ಜಿ, ಅಸಾದುಲ್ಲಣ್ಣನ ಹತ್ರ ನೀನು ಏನೂ ಹೇಳ್ಕೂಡ್ದು. ಹೇಳೋದಾದ್ರೆ ನಾನೇ ಹೇಳ್ತೀನಿ" ಅಂದ ಸುನಿಲ. ಆಯಿತು ಅಂತ ಅವನ ತಲೆ ಮುಟ್ಟಿ ಹೇಳಿದೆ.

ಇಲ್ಲಿ ಅಸಾದುಲ್ಲಾನ ಒಂದು ಅಭ್ಯಾಸ ಹೇಳಬೇಕು. ಹಳ್ಳದ ಆಚೆ ಬೇರೆ ಎಸ್ಟೇಟ್ ಇದೆ. ಅವರೂ ಅದೇ ಸಮಯಕ್ಕೆ ನೀರು ಹಾರಿಸುತ್ತಾರೆ, ಅವರೂ ಕೂಗುತ್ತಾರೆ. ಒಂದು ವರ್ಷ ಅವರ ಕೂಗಿಗೆ ಇವನು ನಮ್ಮ ಇಂಜಿನ್ ನಿಲ್ಲಿಸಿ, ಬೀಡಿ ಹಚ್ಚಿ, ಮರಕ್ಕೊರಗಿ ನಿದ್ದೆ ಮಾಡಿಬಿಟ್ಟ. ಆ ವರ್ಷ ನಮ್ಮ ತೋಟದಲ್ಲಿ ಅರ್ಧ ಗುಡ್ಡ ಬೆಳ್ಳಗೆ ಹೂ ಬಿಟ್ಟಿತು, ಅರ್ಧ ಗುಡ್ಡ ಹಸಿರಾಗೇ ಉಳಿಯಿತು. ನೋಡಿದವರೆಲ್ಲ ಅರ್ಧ ಕ್ಷೌರ ಅಂದರು. ಅವತ್ತಿನಿಂದ ಅವನು ಗುರುತಿನ ದನಿಗಲ್ಲದೆ ಇಂಜಿನ್ ಮುಟ್ಟುವುದಿಲ್ಲ. ದೇವರೇ ಬಂದು ಕೂಗಿದರೂ ಮುಟ್ಟುವುದಿಲ್ಲ.

ನೀರು ಹಾರಿಸಲು ಶುರು ಮಾಡಿದ ದಿನ ನಾನು ಎಂದಿನ ಹಾಗೆ ಅವನಿಗೆ ರೊಟ್ಟಿ, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹಳ್ಳಕ್ಕೆ ಇಳಿದೆ. ಬೆಳಿಗ್ಗೆ ರಾಜಶೇಖರನೇ ಎದುರು ನಿಂತು ಶುರು ಮಾಡಿಸಿದ್ದ ಇಂಜಿನ್ ದಡಬಡ ಅನ್ನುತ್ತಿತ್ತು. ಮೇಲೆ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಸಂದಿನಲ್ಲಿ ನೀರು ಸುತ್ತುತ್ತಿತ್ತು. ರಾಜಶೇಖರ ಜೆಟ್ ಎತ್ತಿಡಲು ಪಂಚೆ ಕಟ್ಟಿ ನಿಂತಿದ್ದ, ಸುನಿಲ ಅವನ ಪಕ್ಕ.

ಕೂಗು ಬಂತು. ಕೀರಲಾಗಿ ಶುರುವಾಗಿ ಗೊರಗೊರ ಅಂತ ಮುರಿದುಬಿತ್ತು. ಲೋಟ ತುಂಬಿದ್ದು ನೋಡದೆ ನಾನು ಕಾಫಿ ಸುರಿಯುತ್ತಲೇ ಇದ್ದೆ.

ಅಸಾದುಲ್ಲಾ ರೊಟ್ಟಿ ಮುರಿಯುತ್ತಾ, "ಆಚೆ ಎಸ್ಟೇಟ್‌ನೋರು ಯಾರೋ ಹೊಸಬನ್ನ ಇಟ್ಟವ್ರೆ ಅಮ್ಮ. ಕೋಣ ಕೂಗ್ದಂಗೆ ಕೂಗ್ತಾನೆ" ಅಂದ.

ನಾನು ಏನು ಹೇಳಲಿ? ಮಾತು ಕೊಟ್ಟಿದ್ದೆ. ಬಾಯಿ ಮುಚ್ಚಿಕೊಂಡು ಲೋಟ ತೊಳೆದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಮೇಲೆ ರಾಜಶೇಖರ ಇಂಜಿನ್ ನಿಲ್ಲುತ್ತದೆ ಅಂತ ನಂಬಿ ಜೆಟ್ಟಿನ ಕಾಲಿಗೆ ಕೈ ಹಾಕಿಬಿಟ್ಟಿದ್ದ. ಅದು ಸರ್ರನೆ ತಿರುಗಿ ಅವನ ಎದೆಗೇ ಹೊಡೆಯಿತು. ಪಂಚೆ ಒಂದು ಕಡೆ, ಅವನು ಒಂದು ಕಡೆ. ಅವನೂ ಬಾಯಿ ತೆರೆದು ಕೂಗುತ್ತಿರುವುದು ಕಾಣುತ್ತಿತ್ತು. ಕೇಳಿಸಲಿಲ್ಲ, ಯಾವತ್ತು ಕೇಳಿಸಿದೆ.

ಆಗ ಇನ್ನೊಂದು ಕೂಗು ಬಂತು. ಈ ಸಲ ಸುನಿಲ ಮೇಲಕ್ಕೆ ಎಳೆಯಲು ಹೋಗಲಿಲ್ಲ. ಎಲ್ಲಿ ದನಿ ಇತ್ತೋ ಅಲ್ಲಿಂದಲೇ ಬಿಟ್ಟ, ಎದೆಯಿಂದ. ದಪ್ಪಗೆ, ಉದ್ದಕ್ಕೆ ಇಳಿಜಾರು ಇಳಿದು ಬಂತು. ಕೊನೆಗೆ ಬಂದಾಗ ಸರಕ್ಕನೆ ಬಾಗಿತು, ಅದೇ ಕೊಕ್ಕೆ.

ಅಸಾದುಲ್ಲಾನ ಕೈ ರೊಟ್ಟಿಯ ಮೇಲೇ ನಿಂತಿತು. "ಅಮ್ಮ, ದನಿ ಬೇರೆ. ಬಾಲ ನಿಮ್ಮನೇದೇ ಅಲ್ವಾ?"

"ಮೊದ್ಲು ನಿಲ್ಸೋ. ಆಮೇಲೆ ಕೇಳು" ಅಂದೆ. ಇದರಲ್ಲಿ ನಾನು ಏನೂ ಹೇಳಿದ ಹಾಗಾಗಲಿಲ್ಲವಲ್ಲ.

ಇಂಜಿನ್ ನಿಂತಿತು. ಗುಡ್ಡವೆಲ್ಲ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಇಳಿದು ಬಂದರು. ಹಿಂದೆ ರಾಜಶೇಖರ, ತಲೆಯಿಂದ ಕಾಲವರೆಗೂ ನೀರು ಸುರಿಯುತ್ತಿತ್ತು. ಮುಂದೆ ಸುನಿಲ. ಅಸಾದುಲ್ಲಾನ ಎದುರು ಬಂದು ನಿಂತ, ಗಂಟಲು ಸರಿಮಾಡಿಕೊಂಡ.

"ಕೂಗಿದ್ದು ನಾನೇ ಅಸಾದುಲ್ಲಣ್ಣ. ನಾನು ಗಂಡು. ಈಗ ಔಷಧಿ ತಗೊಂತಿದೀನಿ, ದನಿ ಒಡೀತೈತೆ. ಹೆಸ್ರು ಸುನಿಲ್‌ಕುಮಾರ್."

ಅಸಾದುಲ್ಲಾ ಅವನನ್ನು ನೋಡಿದ. ತುಟಿಯ ಮೇಲಿನ ನಾಲ್ಕು ಕೂದಲು ನೋಡಿದ, ಹಣೆಯ ಮೇಲಿದ್ದವನ್ನೂ ನೋಡಿದ. "ಎಲ್ಲಿ ಹಾಕುಸ್ಕೊಂತೀಯ?"

"ಸಕಲೇಶಪುರದಲ್ಲಿ. ನಾಜಿಮಕ್ಕನ ಹತ್ರ."

"ನಮ್ ನಾಜಿಮಾ? ದಿನಾ ಒಂದೇ ಮನೇಲಿ ಉಣ್ತೀವಿ, ಒಂದ್ ಮಾತು ಹೇಳಿಲ್ಲ ನೋಡು ನನ್ ಸೊಸೆ" ಅಂದ. ಬೇಜಾರಿನಿಂದಲ್ಲ, ಜಂಬದಿಂದ. ಆಮೇಲೆ ಗಂಭೀರವಾಗಿ, "ಇನ್ನೂ ಎಷ್ಟು ದಿನ ಹಿಂಗೆ ಒಡೀತಿರ್ತದೆ ಇದು?"

"ಇನ್ನೂ ಕೆಲವು ತಿಂಗ್ಳು."

"ಹಂಗಾದ್ರೆ ಒಂದ್ ಕೆಲ್ಸ ಮಾಡು ಮಾರಾಯ. ದಿನಾ ಬೆಳಿಗ್ಗೆ ಇಂಜಿನ್ ಶುರು ಮಾಡೋಕ್ ಮುಂಚೆ ಮೇಲಿಂದ ಒಂದ್ಸಲ ಕೂಗಿ ತೋರ್ಸು. ಇವತ್ತಿನ್ ದನಿ ಯಾವ್ದು ಅಂತ ನನ್ ಕಿವಿಗೆ ಹಾಕ್ಕೊಂತೀನಿ. ನಾಳೆ ಬೇರೆ ಆದ್ರೆ ನಾಳೆದು ನಾಳೆ."

ಅಷ್ಟೇ. ಯಾರೂ ಅದಕ್ಕಿಂತ ದೊಡ್ಡ ಮಾತಾಡಲಿಲ್ಲ. ರಾಜಶೇಖರ ಪಂಚೆ ಹಿಂಡುತ್ತಾ ನಿಂತಿದ್ದ. ಬೇಲಿಯ ಆಚೆಯವನೊಬ್ಬನಿಗೆ ವಿಷಯ ಗೊತ್ತಾಯಿತು, ಅವನು ರೊಟ್ಟಿ ತಿನ್ನುವುದನ್ನು ಮುಂದುವರಿಸಿದ. ಅದನ್ನೇ ನೋಡುತ್ತಾ ನಿಂತಿದ್ದ ನನ್ನ ಮಗ. ಆಮೇಲೆ ಸುನಿಲನ ಕಡೆ ತಿರುಗಿದ.

"ನಾಳೆನೂ ನೀನೇ ನಿಲ್ಲು. ಆಳು ಗೀಳು ಬ್ಯಾಡ. ಆದ್ರೆ ಕೋಣದ ಕೂಗು ಬರಂಗಿದ್ರೆ ಮೊದ್ಲೇ ಹೇಳು, ನಾನು ದೂರ ನಿಲ್ತೀನಿ."

ಸುನಿಲ ನಕ್ಕ. ಆ ನಗುವೂ ನಡುವೆ ಒಡೆಯಿತು, ಅದಕ್ಕೆ ಎಲ್ಲರೂ ನಕ್ಕೆವು.

ಮಾರನೆ ದಿನದಿಂದ ಬೆಳಿಗ್ಗೆ ನಾನು ಜಗಲಿಯಲ್ಲಿ ಕಾಫಿ ಹಿಡಿದು ಕೂರುತ್ತಿದ್ದೆ. ಮೇಲಿಂದ ಕೂಗು, ಕೆಳಗಿಂದ ಅಸಾದುಲ್ಲಾನ ಮರುಕೂಗು. ಒಂದು ದಿನ ಗೊರಗೊರ, ಒಂದು ದಿನ ಸ್ವಲ್ಪ ನುಣುಪು. ಒಂದು ದಿನ ಅಸಾದುಲ್ಲಾ ಗುಡ್ಡ ಹತ್ತಿ ಬಂದು, "ಇವತ್ತು ನಿನ್ನೇದಕ್ಕಿಂತ ಒಂದ್ ಮೆಟ್ಲು ಕೆಳಗೈತೆ, ಅಲ್ವೇನೋ ಸುನಿಲ್‌ಕುಮಾರ?" ಅಂತ ಕೇಳಿ ಹೋದ. ಪೂರ್ತಿ ಹೆಸರು. ಹಾಸನದ ಗೆಳೆಯ ಫೋನ್ ಮಾಡಿದಾಗ ಸುನಿಲ, "ಬರಕ್ಕಾಗಲ್ಲ ಕಣೋ, ಇಲ್ಲಿ ನನ್ನ ಬಿಟ್ರೆ ಕೂಗೋರಿಲ್ಲ" ಅಂದದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ಆಚೆ ಎಸ್ಟೇಟ್‌ನ ಲೆಕ್ಕ ಬರೆಯುವ ರೈಟರ್ ಒಂದು ದಿನ ಬೇಲಿ ಹತ್ತಿರ ಬಂದು, ನಿಮ್ಮ ಮೇಲ್ಗಡೆ ಕೂಗೋನು ಯಾರು ಅಂತ ರಾಜಶೇಖರನನ್ನು ಕೇಳಿದನಂತೆ. "ನನ್ ಮಗ" ಅಂದನಂತೆ ರಾಜಶೇಖರ. ಮನೆಗೆ ಬಂದು ಅದನ್ನು ಹೇಳಿ, ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಆ ವರ್ಷ ಗುಡ್ಡ ಪೂರ್ತಿ ಬೆಳ್ಳಗಾಯಿತು. ಒಂದು ಮೂಲೆಯೂ ಹಸಿರಾಗಿ ಉಳಿಯಲಿಲ್ಲ.

ನೀರಿನ ಕೆಲಸ ಮುಗಿದ ದಿನ ಅಸಾದುಲ್ಲಾ ಇಂಜಿನನ್ನು ಪಿಕಪ್‌ಗೆ ಹತ್ತಿಸಿ, ಪೈಪೆಲ್ಲ ಕಟ್ಟಿ, ನನ್ನ ಕೈಯಿಂದ ಕೊನೆಯ ಲೋಟ ಕಾಫಿ ಕುಡಿದು ಸೀಟಿನಲ್ಲಿ ಕೂತ. ಕೀಲಿ ತಿರುಗಿಸಲಿಲ್ಲ. ತಲೆ ಹೊರಗೆ ಹಾಕಿ ಗುಡ್ಡದ ಮೇಲೆ ನೋಡುತ್ತಾ ಕಾದ. ಮೇಲಿನಿಂದ ಬಂತು, ಚಿಕ್ಕದಾಗಿ ಎರಡು, ದಪ್ಪ ದನಿ, ಒಡಕಿರಲಿಲ್ಲ.

ಅಸಾದುಲ್ಲಾ ಪಿಕಪ್ ಶುರು ಮಾಡಿದ.